ಬಿಗಿಯಾಗಿದೆ ಅಂತ ಅರ ಹಿಡಿಯಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಮನೆಯಲ್ಲೇ ಎಂಜಿನ್ ಬಿಚ್ಚಿ ಟೈಮಿಂಗ್ ಚೈನ್ (ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಸರಪಳಿ) ಬದಲಿಸುವಾಗ, ಆ ಚೈನ್ ಕೂರುವ ಹೊಸ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೇಲೆ ಕೂರಲೇ ಇಲ್ಲವಂತೆ. ಬಿಡಿಭಾಗ ಮಾಡುವವರಿಗೆ ಅಳತೆಯೇ ಗೊತ್ತಿಲ್ಲ ಎಂದು ಬೈದು, ಕೊನೆಗೆ ‘ಒಳಗಡೆ ಸ್ವಲ್ಪ ಅರದಿಂದ ಉಜ್ಜಿದರೆ ಆಯಿತು’ ಎಂದು ಸಲಹೆ ಬೇರೆ ಕೊಟ್ಟಿದ್ದರು. ಓದಿ ಸುಮ್ನೆ ಕೂರಲು ಆಗಲಿಲ್ಲ. ಮೂರು ತಿಂಗಳ ಹಿಂದೆ ನಾನೂ ಅಂಥದ್ದೇ ಸ್ಪ್ರಾಕೆಟ್ ಕೈಯಲ್ಲಿ ಹಿಡಿದು ಇದೇ ಬೈಗುಳ ಬೈದಿದ್ದೆ.

ನಾನು ನಿವೃತ್ತ ಗಣಿತ ಶಿಕ್ಷಕಿ, ಮೆಕ್ಯಾನಿಕ್ ಅಲ್ಲ. ನಮ್ಮ ಹಳೆಯ ಕಾರಿನ ಎಂಜಿನ್ನಿನಲ್ಲಿ ಚೈನಿನ ಗಲಗಲ ಸದ್ದು ಜಾಸ್ತಿಯಾದಾಗ ಮಗನ ಜೊತೆ ಸೇರಿ ಬಿಚ್ಚಿದೆ. ಹಳೆಯ ಸ್ಪ್ರಾಕೆಟ್ಟಿನ ಹಲ್ಲುಗಳು ಸವೆದು ಕೊಕ್ಕೆಯ ಹಾಗಾಗಿದ್ದವು. ಪುಲ್ಲರ್ ಎಂಬ ಎಳೆಯುವ ಸಾಧನ ಹಾಕಿ ತೆಗೆದೆವು. ಹೊಸದು ಮಾತ್ರ ಶಾಫ್ಟಿನ ತುದಿಯಲ್ಲೇ ನಿಂತಿತು. ಪೈಪಿನ ತುಂಡೊಂದನ್ನು ಅಡ್ಡ ಇಟ್ಟು ಸುತ್ತಿಗೆಯಿಂದ ಮೂರು ಏಟು ಹಾಕಿದೆ. ನಾಲ್ಕನೆಯದಕ್ಕೆ ಮಗ ಕೈ ಹಿಡಿದ. ‘ಅಮ್ಮಾ, ಆ ಏಟೆಲ್ಲ ಎಲ್ಲಿಗೆ ಹೋಗುತ್ತಿದೆ ಗೊತ್ತಾ?’ ಅಂದ.

ಒಳ್ಳೆಯ ಪ್ರಶ್ನೆ. ಕ್ರ್ಯಾಂಕ್‌ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯಲು ಎಂಜಿನ್ ಒಳಗೆ ತೆಳುವಾದ ಥ್ರಸ್ಟ್ ಬೇರಿಂಗ್ ಇರುತ್ತದೆ. ತುದಿಗೆ ಕೊಟ್ಟ ಏಟು ನೇರವಾಗಿ ಅದರ ಮೇಲೇ ಬೀಳುತ್ತದೆ. ಅದು ಜಖಂ ಆದರೆ ಚೈನ್ ಬದಲಿಸಲು ಹೋದವರು ಇಡೀ ಎಂಜಿನ್ ಇಳಿಸಬೇಕಾಗುತ್ತದೆ. ಸುತ್ತಿಗೆ ಕೆಳಗಿಟ್ಟೆ.

ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಿದ್ದ ಕೆಲಸ: ಅಳತೆ. ಮೈಕ್ರೋಮೀಟರಿನಲ್ಲಿ ಶಾಫ್ಟ್ 30.02 ಮಿ.ಮೀ. ಬಂತು. ಸ್ಪ್ರಾಕೆಟ್ಟಿನ ರಂಧ್ರ 29.99. ಅಂದರೆ ರಂಧ್ರಕ್ಕಿಂತ ಶಾಫ್ಟೇ 0.03 ಮಿ.ಮೀ. ದಪ್ಪ. ಇದು ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಎಲ್ಲ ಎಂಜಿನ್ನುಗಳಲ್ಲೂ ಹೀಗಿರುವುದಿಲ್ಲ, ಕೆಲವದರಲ್ಲಿ ಕೈಯಿಂದಲೇ ತಳ್ಳಬಹುದು. ಆದರೆ ಬಿಗಿ ಕೂರಬೇಕಾದ ಕಡೆ ಆ ಬಿಗಿತವೂ ಭಾರ ಹೊರುತ್ತದೆ. ರಂಧ್ರವನ್ನು ಅರದಿಂದ ಉಜ್ಜಿ ಸಡಿಲ ಮಾಡಿದರೆ ಎಲ್ಲ ಒತ್ತಡ ಶಾಫ್ಟಿನ ‘ಕೀ’ ಮೇಲೆ, ಅಂದರೆ ಸ್ಪ್ರಾಕೆಟ್ ಶಾಫ್ಟಿನ ಮೇಲೆ ಜಾರಿ ತಿರುಗದಂತೆ ಹಿಡಿಯುವ ಅರ್ಧಚಂದ್ರದಂಥ ಪುಟ್ಟ ಲೋಹದ ತುಂಡಿನ ಮೇಲೆ ಬೀಳುತ್ತದೆ. ಸ್ಪ್ರಾಕೆಟ್ ಕೂದಲೆಳೆಯಷ್ಟು ಅಲುಗಾಡುತ್ತಾ ಅಲುಗಾಡುತ್ತಾ ಕೀ ಕೂತ ತೋಡನ್ನು ಅಗಲ ಮಾಡುತ್ತದೆ. ಕೊನೆಗೆ ಕೀ ಮುರಿಯುತ್ತದೆ, ಇಲ್ಲವೇ ಕ್ರ್ಯಾಂಕ್‌ಶಾಫ್ಟೇ ಹಾಳಾಗುತ್ತದೆ.

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದು ಹೇಗೆ? ಕಾಯಿಸಿ ತಾನೇ? ಇದೂ ಅದೇ ಲೆಕ್ಕ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಅಳತೆಯ ಲಕ್ಷದಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. 30 ಮಿ.ಮೀ. ರಂಧ್ರವನ್ನು 25 ಡಿಗ್ರಿಯಿಂದ 150 ಡಿಗ್ರಿ ಸೆಲ್ಸಿಯಸ್‌ಗೆ ಒಯ್ದರೆ ಸುಮಾರು 0.04 ಮಿ.ಮೀ. ದೊಡ್ಡದಾಗುತ್ತದೆ. ನನಗೆ ಬೇಕಿದ್ದದ್ದು 0.03. ಉಳಿದದ್ದು ನೂರರಲ್ಲೊಂದು ಮಿ.ಮೀ. ಬೋರ್ಡಿನ ಮೇಲೆ ಈ ಲೆಕ್ಕ ಎಷ್ಟು ಚೆಂದ! ಕೈಗವಸು ಹಾಕಿಕೊಂಡು ಬಿಸಿ ಸ್ಪ್ರಾಕೆಟ್ ಹಿಡಿದು ನಿಂತಾಗ ಗೊತ್ತಾಗುತ್ತದೆ, ಆ ನೂರರಲ್ಲೊಂದು ಎಷ್ಟು ಬೇಗ ಕಳೆದುಹೋಗುತ್ತದೆ ಅಂತ.

ಹೌದು, ಮೊದಲ ಸಲ ಅರ್ಧಕ್ಕೇ ಸಿಕ್ಕಿಕೊಂಡಿತು. ಕೀ ನೇರಕ್ಕೆ ಸ್ಪ್ರಾಕೆಟ್ಟಿನ ತೋಡು ಎಲ್ಲಿದೆ ಎಂದು ನಾನು ಹುಡುಕುವಷ್ಟರಲ್ಲಿ ಅದರ ಬಿಸಿಯೆಲ್ಲ ಶಾಫ್ಟಿಗೆ ಇಳಿದು ಅದು ಕಚ್ಚಿಕೊಂಡುಬಿಟ್ಟಿತು. ಶಾಫ್ಟಿನ ತುದಿಗೆ ಹಾಕುವ ಎಂಜಿನ್ನಿನದೇ ಬೋಲ್ಟ್ ತಿರುಗಿಸಿ ಸ್ಪ್ರಾಕೆಟ್ಟನ್ನು ಒಳಕ್ಕೆ ಎಳೆಯೋಣ ಎಂದ ಮಗ. ಬೇಡ ಅಂದೆ. ಸ್ಪ್ರಾಕೆಟ್ ಇನ್ನೂ ಮುಂದೆ ನಿಂತಿರುವಾಗ ಆ ಬೋಲ್ಟ್ ಎರಡು ಮೂರು ಸುತ್ತು ಮಾತ್ರ ಕಚ್ಚುತ್ತದೆ, ಶಾಫ್ಟಿನೊಳಗಿನ ತಿರುಪಿನ ಸುತ್ತುಗಳೇ ಕಿತ್ತು ಬರಬಹುದು. ಪುಲ್ಲರ್ ಹಾಕಿ ಮತ್ತೆ ತೆಗೆದೆವು. ನೋಡಿದರೆ ಶಾಫ್ಟಿನ ತೋಡಿನ ಅಂಚಿನಲ್ಲಿ ಸಣ್ಣ ಮುಳ್ಳು ಎದ್ದಿತ್ತು. ನನ್ನ ಆ ಮೂರು ಏಟುಗಳ ಪ್ರಸಾದ. ಆ ಮುಳ್ಳನ್ನಷ್ಟೇ ನುಣುಪು ಎಮರಿ ಕಾಗದದಿಂದ ಸವರಿ, ಒರೆಸಿ, ತೆಳುವಾಗಿ ಎಣ್ಣೆ ಹಚ್ಚಿದೆ.

ಎರಡನೇ ಸಲ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟೆ. ಓವನ್ನಿನ ತಿರುಗಿಸುವ ಗುಂಡಿ ಹೇಳುವುದನ್ನು ನಂಬಲಾಗದು, ಒಳಗೆ ಬೇರೆ ಥರ್ಮಾಮೀಟರ್ ಇಟ್ಟಿದ್ದೆ. ಬೆಂಕಿಯ ಜ್ವಾಲೆಗೆ ನೇರ ಹಿಡಿದರೆ ಬೇಗ ಆಗುತ್ತದಲ್ವಾ ಎನ್ನಬಹುದು. ಆಗುತ್ತದೆ. ಹಲ್ಲುಗಳಿಗೆ ಕೊಟ್ಟ ಗಡಸುತನವೂ ಅಷ್ಟೇ ಬೇಗ ಇಳಿಯುತ್ತದೆ. ಉಕ್ಕಿಗೆ ಹೊಂಬಣ್ಣ ಬಂದರೆ 200 ಡಿಗ್ರಿ ದಾಟಿದೆ ಎಂದೇ ತಿಳಿಯಿರಿ. ಎಂಜಿನ್ನಿನ ಮುಂಭಾಗದಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ರಬ್ಬರಿನದು, ಬಿಸಿ ತಾಗದಿರಲೆಂದು ಅದನ್ನು ಆಮೇಲೆ ಹಾಕಿದೆವು.

ಈ ಸಲ ತೋಡು ಇರುವ ಜಾಗಕ್ಕೆ ಮೊದಲೇ ಸ್ಪ್ರಾಕೆಟ್ಟಿನ ಮುಖದ ಮೇಲೆ ಬಣ್ಣದ ಗೆರೆ ಎಳೆದಿದ್ದೆ. ತಣ್ಣಗಿರುವಾಗಲೇ ನಾಲ್ಕೈದು ಬಾರಿ ಸುಳ್ಳು ಸುಳ್ಳೇ ಹಾಕಿ ಅಭ್ಯಾಸ ಮಾಡಿದ್ದೆ. ಟೈಮಿಂಗ್ ಗುರುತು (ಚೈನ್ ಹೊಂದಿಸಲು ನೋಡುವ ಗುರುತು) ಹೊರಗೆ ಕಾಣುವಂತೆ, ಅಂಚು ಇಳಿಜಾರಿರುವ ಬದಿ ಒಳಗೆ. ಓವನ್ನಿನಿಂದ ತೆಗೆದು ಒಂದೇ ತಳ್ಳು. ಟಕ್ ಅಂತ ಕೊನೆಗೆ ಹೋಗಿ ಕೂತಿತು. ತಣ್ಣಗಾಗುವಾಗ ಹಿಂದಕ್ಕೆ ಜಾರೀತೆಂದು ಅರ್ಧ ನಿಮಿಷ ಒತ್ತಿ ಹಿಡಿದಿದ್ದೆ. ಎಳೆಯಲು ಬೇಕಾದೀತೆಂದು ಮಗ ತಿರುಪು ಕೊರೆದ ಉದ್ದದ ಸರಳು, ನಟ್, ದಪ್ಪ ವಾಷರ್ ಸಿದ್ಧ ಮಾಡಿಟ್ಟಿದ್ದ. ಬೇಕಾಗಲಿಲ್ಲ. ಅವನಿಗೆ ಸ್ವಲ್ಪ ಬೇಜಾರೇ ಆಯಿತು.

ಚೈನ್ ಹಾಕಿದ ಮೇಲೆ ಎಂಜಿನ್ನನ್ನು ಕೈಯಿಂದಲೇ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಿದೆವು. ನಮ್ಮ ಸ್ಪ್ರಾಕೆಟ್ಟಿಗೆ 20 ಹಲ್ಲು. ಒಂದು ಹಲ್ಲು ತಪ್ಪಿದರೂ ಶಾಫ್ಟಿನ ಸುತ್ತಿನಲ್ಲಿ 18 ಡಿಗ್ರಿ ಕೋನ ತಪ್ಪಿಹೋಯಿತು, ಕೆಲವು ಎಂಜಿನ್ನುಗಳಲ್ಲಿ ಅಷ್ಟಕ್ಕೇ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ.

ಆ ಓದುಗರ ಸ್ಪ್ರಾಕೆಟ್ ಬೇರೆ ಎಂಜಿನ್ನಿನದೂ ಇರಬಹುದು. ಅಳೆದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ರಂಧ್ರಕ್ಕಿಂತ ಶಾಫ್ಟ್ 0.02, 0.03 ಮಿ.ಮೀ. ದಪ್ಪ ಇದ್ದರೆ ಬಿಸಿ ಮಾಡಲಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ವಾಪಸ್ ಕೊಡಲಿ. ಈಗಾಗಲೇ ಉಜ್ಜಿಬಿಟ್ಟಿದ್ದರೆ ಇನ್ನೊಂದು ಕೊಳ್ಳದೆ ವಿಧಿಯಿಲ್ಲ. ಅದಕ್ಕೇ ಈ ಪತ್ರವನ್ನು ಆದಷ್ಟು ಬೇಗ ಅಚ್ಚು ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ