ಗಿರಣಿಯನ್ನು ಹೋಟೆಲಾಗಿಸಿದ ಕೈಗಳಿಗೆ

ಶಿವಮೊಗ್ಗದ ಹಳೆಯ ಅಕ್ಕಿ ಗಿರಣಿಯೊಂದರಲ್ಲಿ ನಾವು ರೂಪಿಸಿದ ಕಾಫಿ-ತಿಂಡಿಯ ಹೋಟೆಲು ಈ ತಿಂಗಳಿಗೆ ಒಂದು ವರ್ಷವನ್ನೂ, ಅದಕ್ಕಿಂತ ಕಠಿಣವಾದ ಒಂದು ಮಳೆಗಾಲವನ್ನೂ ಪೂರೈಸಿದೆ. ಒಳಾಂಗಣ ವಿನ್ಯಾಸಕಿಯೆಂದು ನನ್ನ ಹೆಸರಷ್ಟೇ ಕೇಳಿಬರುತ್ತಿರುವುದರಿಂದ, ಆ ಹೆಸರಿನಲ್ಲಿ ಪಾಲಿರುವವರಿಗೆ ಎಲ್ಲರ ಎದುರು ವಂದನೆ ಸಲ್ಲಿಸಬೇಕಾಗಿದೆ.

ಮೊದಲ ನಮಸ್ಕಾರ ಕಟ್ಟಡದ ಮಾಲೀಕರಿಗೆ. ಮಾಡಿನಡಿ ಉಳಿದಿದ್ದ ಶಾಫ್ಟು, ಪುಲ್ಲಿಗಳನ್ನು ಗುಜರಿಗೆ ಹಾಕದೆ ಇದ್ದಲ್ಲೇ ಬಿಡಲು ಅವರು ಒಪ್ಪಿದರು. 1960ರ ದಶಕದಲ್ಲಿ ನ್ಯೂಯಾರ್ಕಿನ ಸೋಹೋ ಬಡಾವಣೆಯ ಖಾಲಿ ಕಾರ್ಖಾನೆಗಳಲ್ಲಿ ಕಲಾವಿದರು ಬೀಡುಬಿಟ್ಟಾಗ ಅಲ್ಲಿನ ಇಟ್ಟಿಗೆ, ಕಬ್ಬಿಣಗಳು ಕಟ್ಟಡದ್ದೇ ಆಗಿದ್ದವು. ಹೊಸ ಗೋಡೆಗೆ ಇಟ್ಟಿಗೆಯ ಚಿತ್ರದ ಕಾಗದ ಅಂಟಿಸಿ ಅದನ್ನೇ ಕಾರ್ಖಾನೆಯ (ಇಂಡಸ್ಟ್ರಿಯಲ್) ಶೈಲಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ತಗಡಿನ ಮಾಡು, ಸಿಮೆಂಟಿನ ನೆಲದ ಎತ್ತರದ ಕಟ್ಟಡದಲ್ಲಿ ಲೋಟ ಇಟ್ಟ ಸದ್ದೂ ಮೂಲೆಮೂಲೆಗೆ ಮೊಳಗುತ್ತದೆ; ಜಡಿಮಳೆ ಹಿಡಿದರಂತೂ ಎದುರಿಗೆ ಕುಳಿತವರ ಮಾತೂ ಕೇಳಿಸದು. ದಪ್ಪ ಪರದೆ, ಜಮಖಾನೆಗಳು ಸದ್ದನ್ನು ಹೀರುತ್ತವೆಯಾದರೂ ಮಲೆನಾಡಿನ ಆಷಾಢದಲ್ಲಿ ಅವು ಬೂಸ್ಟು ಹಿಡಿಯದೆ ಉಳಿಯುವುದಿಲ್ಲ. ಅಡಿಕೆ ಅಟ್ಟಗಳನ್ನು ಕಟ್ಟಿ ಪಳಗಿದ ತೀರ್ಥಹಳ್ಳಿಯ ಬಡಗಿಗಳು ತಗಡಿನ ಕೆಳಗೆ ಗಾಜುನಾರಿನ ಹಾಸು ಹಾಕಿ, ಅದರಡಿ ಮರದ ಪಟ್ಟಿಗಳನ್ನು ಬೆರಳಗಲ ಸಂದು ಬಿಟ್ಟು ಹೊಡೆದರು. ಸದ್ದು ಆ ಸಂದುಗಳಲ್ಲಿ ನುಸುಳಿ ನಾರಿನಲ್ಲಿ ಅಡಗುತ್ತದೆ, ಮಳೆಯ ಬಡಿತ ತಗ್ಗುತ್ತದೆ, ಗಾಳಿಯಾಡುವುದರಿಂದ ತೇವವೂ ನಿಲ್ಲುವುದಿಲ್ಲ. ಈ ಹೋಟೆಲಿನಲ್ಲಿ ಜನ ಮೆಲುದನಿಯಲ್ಲಿ ಮಾತಾಡುತ್ತಾರೆಂದರೆ ಅದರ ಶ್ರೇಯ ಪೂರ್ತಿ ಆ ಬಡಗಿಗಳದು.

ಬೆಳಕಿನ ಕೆಲಸ ಮಾಡಿದ ಎಲೆಕ್ಟ್ರೀಷಿಯನ್ ಸಹೋದರರು ನನ್ನ ಹಟವನ್ನು ಸಹಿಸಿಕೊಂಡರು. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿರುವ, ಬೆಳಕಿನ ಬಣ್ಣದ ಅಳತೆಯಲ್ಲಿ 6500 ಕೆಲ್ವಿನ್‌ನ ಬಿಳಿ ಬೆಳಕು ಕಬ್ಬಿಣವನ್ನು ಇನ್ನಷ್ಟು ತಣ್ಣಗೆ ಕಾಣಿಸುತ್ತದೆ. ಆದ್ದರಿಂದ ಮೇಜಿನ ಮೇಲೆಲ್ಲ 2700 ಕೆಲ್ವಿನ್‌ನ ಹೊಂಬೆಳಕನ್ನು, ಎದುರಿನವರ ಮುಖ ಮರೆಯಾಗದಂತೆ ಸುಮಾರು 75 ಸೆಂ.ಮೀ. ಎತ್ತರದಲ್ಲಿ ಇಳಿಬಿಟ್ಟೆವು. ಬಣ್ಣವನ್ನು ಇದ್ದಂತೆ ತೋರಿಸುವ ಗುಣದಲ್ಲಿ 90ಕ್ಕಿಂತ ಹೆಚ್ಚಿನ ಅಂಕವಿರುವ ಬಲ್ಬುಗಳಿಗೆ ದುಬಾರಿ ಬೆಲೆ ತೆತ್ತದ್ದನ್ನು ಕಂಡು ಅವರು ನಕ್ಕಿದ್ದರು. ಕೆಂಪು ಚಟ್ನಿ ಕಂದಾಗಿ ಕಾಣುವ ಹೋಟೆಲಿಗೆ ಎರಡನೆಯ ಸಲ ಯಾರು ಬರುತ್ತಾರೆ?

ಸಾಗರದ ಕಡೆಯಿಂದ ಬಂದ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಹಸೆ ಚಿತ್ತಾರ ಬರೆದರು. ಎಲ್ಲ ಗೋಡೆಗಳಿಗೂ ಬರೆಯಿರೆಂದು ನಾವು ಕೇಳಿದಾಗ, ಹಸೆಗೆ ಒಂದು ಗೋಡೆ ಸಾಕು ಎಂದು ಅವರಲ್ಲಿ ಹಿರಿಯರಾದ ಅಮ್ಮ ಖಂಡಿತವಾಗಿ ಹೇಳಿದರು. ಆ ತೀರ್ಮಾನಕ್ಕೂ ನಾನು ಋಣಿ.

ಕೊನೆಯದಾಗಿ, 1923ರಲ್ಲಿ ಕಾರ್ಯಾರಂಭ ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಾಡನ್ನು ಹೊತ್ತ ಕಬ್ಬಿಣದ ಚೌಕಟ್ಟುಗಳಾದ ಟ್ರಸ್ಸುಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿ, ಎಲ್ಲಿ ತುಕ್ಕು ಮೇಲ್ಮೈಯಲ್ಲಿದೆ, ಎಲ್ಲಿ ಒಳಗನ್ನು ತಿಂದಿದೆ ಎಂದು ಗುರುತು ಹಾಕಿಕೊಟ್ಟರು. ವೆಲ್ಡಿಂಗ್‌ನವರು ಅಷ್ಟನ್ನೇ ಬದಲಿಸಿದ್ದರಿಂದ ಹಳೆಯ ಕಬ್ಬಿಣದ ಬಹುಭಾಗ ಉಳಿಯಿತು. ಸಂಭಾವನೆ ಬೇಡವೆಂದ ಅವರು ಪ್ರತಿ ಬೇಸಿಗೆಯಲ್ಲಿ ಮಳೆ ಹಿಡಿಯುವ ಮೊದಲು ಕಬ್ಬಿಣಕ್ಕೆ ಹೊಸ ಲೇಪನ ಕೊಡಿಸಬೇಕೆಂಬ ಮಾತನ್ನು ಮಾತ್ರ ನಮ್ಮಿಂದ ಪಡೆದಿದ್ದಾರೆ. ಬರುವ ಮೇ ತಿಂಗಳಿನಲ್ಲಿ ಆ ಕೆಲಸಕ್ಕಾಗಿ ಹೋಟೆಲು ಕೆಲವು ದಿನ ಮುಚ್ಚಿರುತ್ತದೆ.