ಆವತ್ತು ಕೇಳದ ಚೀಟಿ ಇವತ್ಯಾಕೆ?

ಮಾನ್ಯ ಸಂಪಾದಕರೇ,

ಡಾಕ್ಟರ್ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಮಾರುವ ಮೆಡಿಕಲ್ ಶಾಪ್‌ಗಳ ತಪಾಸಣೆ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ವರದಿ ಓದಿ ಖುಷಿಪಟ್ಟವಳು ನಾನು. ಆ ಖುಷಿ ಒಂದೇ ದಿನಕ್ಕೆ ಇಳಿಯಿತು.

ಹತ್ತು ದಿನದ ಹಿಂದೆ ನಮ್ಮ ಅತ್ತೆಗೆ ಉರಿಮೂತ್ರ ಶುರುವಾಯಿತು. ಬಾರ್ಲಿ ನೀರು, ಎಳನೀರು ಎಲ್ಲ ಆಯಿತು. ಭಾನುವಾರ ಬೇರೆ, ಡಾಕ್ಟರ್ ಇಲ್ಲ. ಬೀದಿ ಕೊನೆಯ ಅಂಗಡಿಗೆ ಹೋದೆ. ಹುಡುಗ ಮೊಬೈಲ್‌ನಿಂದ ತಲೆ ಎತ್ತದೆ, ಚೀಟಿಯನ್ನೂ ಕೇಳದೆ, ಸೆಫಿಕ್ಸಿಮ್ ಅನ್ನೋ ಆ್ಯಂಟಿಬಯಾಟಿಕ್ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟ. ‘ಎರಡು ದಿನ ಹಾಕಿ ಆಂಟಿ, ಸರಿಹೋಗತ್ತೆ’ ಅಂದ. ತಗೊಂಡು ಬಂದೆ. ತಪ್ಪು ನನ್ನದೂ ಹೌದು.

ಸರಿಹೋಗಲಿಲ್ಲ. ಡಾಕ್ಟರ್ ಬೈದರು. ಮಾತ್ರೆ ನುಂಗುವ ಮುಂಚೆಯೇ ಮೂತ್ರ ಕಲ್ಚರ್‌ಗೆ ಕೊಡಬೇಕಿತ್ತಂತೆ. ಯಾವ ರೋಗಾಣು, ಅದು ಯಾವ ಮಾತ್ರೆಗೆ ಸಾಯುತ್ತದೆ ಅಂತ ನೋಡೋ ಪರೀಕ್ಷೆ ಅದು. ರಿಪೋರ್ಟ್ ಬರಲು ಮೂರು ದಿನ. ಅಷ್ಟೂ ರಾತ್ರಿ ಅತ್ತೆಯ ಜೊತೆ ಆರಾರು ಸಲ ಎದ್ದವಳು ನಾನು, ಹುಡುಗನಲ್ಲ. ಕೊನೆಗೆ ರಿಪೋರ್ಟಿನಲ್ಲಿ ಇ. ಕೊಲೈ ಅನ್ನೋ ಬ್ಯಾಕ್ಟೀರಿಯಾ, ಸೆಫಿಕ್ಸಿಮ್ ಮುಂದೆ ‘ಆರ್’. ಅಂದರೆ ಆ ಮಾತ್ರೆಗೆ ಅದು ಜಗ್ಗಲ್ಲ. ಡಾಕ್ಟರ್ ನೈಟ್ರೋಫ್ಯುರಾಂಟಾಯಿನ್ ಅನ್ನೋ ಬೇರೆ ಆ್ಯಂಟಿಬಯಾಟಿಕ್ ಬರೆದು ಚೀಟಿಯನ್ನು ವಾಟ್ಸ್ಆ್ಯಪ್ ಮಾಡಿದರು.

ಈಗ ನೋಡಿ ತಮಾಷೆ. ಅದೇ ಅಂಗಡಿ, ಅದೇ ಹುಡುಗ. ‘ಮೊಬೈಲ್ ಚೀಟಿ ನಡೆಯಲ್ಲ ಆಂಟಿ, ಚೆಕಿಂಗ್ ಇದೆ, ಒರಿಜಿನಲ್ ತನ್ನಿ.’ ಎಂಥ ಕಾನೂನು ಭಕ್ತಿ! ಮಳೆಯಲ್ಲಿ, ಎರಡು ವರ್ಷದಿಂದ ಅಗೆದೇ ಇಟ್ಟಿರುವ ನಮ್ಮ ರಸ್ತೆ ದಾಟಿ, ಆಟೋದವರಿಗೆ ಮೀಟರ್ ಮೇಲೆ ಐವತ್ತು ಕೊಟ್ಟು, ಒರಿಜಿನಲ್ ತಂದೆ. ‘ಸ್ಟಾಕ್ ಇಲ್ಲ ಆಂಟಿ.’ ನಾಲ್ಕನೇ ಅಂಗಡಿಯಲ್ಲಿ ಸಿಕ್ಕಿತು.

ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆಯಂತೆ, ಅಂದರೆ ಚೀಟಿ ಇಲ್ಲದೆ ಮಾರಲೇಬಾರದ ಔಷಧಿಗಳ ಬಿಗಿ ಪಟ್ಟಿ. 2014ರ ಮಾರ್ಚ್‌ನಿಂದಲೇ ಇದು ಜಾರಿ. ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮ ಅತ್ತೆಯ ಮುಂದೆ ಯಾವ ಡಾಕ್ಟರ ಹೆಸರು ಬರೆದಿದ್ದಾರೋ, ನೋಡುವ ಆಸೆ ನನಗೆ. ಅಧಿಕಾರಿಗಳಿಗೆ ಇಷ್ಟು ವರ್ಷ ಆ ಆಸೆ ಬರಲಿಲ್ಲವಾ? ಅಥವಾ ಬರುವ ಮೊದಲೇ ಫೋನ್ ಮಾಡಿ ಹೇಳಿ ಬರುತ್ತಾರಾ?

ನೀರು ಜಾಸ್ತಿ ಕುಡಿಸಿ, ಮೂತ್ರ ತಡೆಯಬಾರದು ಅಂದರು ಡಾಕ್ಟರ್. ಕುಡಿದು ಹೋಗೋದೆಲ್ಲಿಗೆ ಸ್ವಾಮಿ? ನಮ್ಮ ಮಾರ್ಕೆಟ್ ಪಕ್ಕದ ಶೌಚಾಲಯಕ್ಕೆ ಬೀಗ, ಮೇಲೆ ‘ದುರಸ್ತಿಯಲ್ಲಿದೆ’ ಬೋರ್ಡು. ಬೋರ್ಡೇ ತುಕ್ಕು ಹಿಡಿದಿದೆ. ಹಾಗಾಗಿ ಹೊರಗೆ ಹೊರಡುವ ದಿನ ಅತ್ತೆ ಬೆಳಗಿನಿಂದ ನೀರೇ ಮುಟ್ಟಲ್ಲ. ಎರಡು ಸಲ ಅರ್ಜಿ ಕೊಟ್ಟೆ. ಎರಡು ಸಲವೂ ಸಾಹೇಬರು ಮೀಟಿಂಗ್‌ನಲ್ಲಿದ್ದರು. ಮೀಟಿಂಗ್ ಹಾಲ್ ಪಕ್ಕದಲ್ಲೇ ಅವರಿಗೆ ಅನುಕೂಲ ಇದೆ, ಬಿಡಿ.

ಅಂಗಡಿಗಳಿಗೆ ಬಿಗಿ ಮಾಡಿ. ಹಾಗಂತ ನಿಜವಾದ ಚೀಟಿ ಇರೋರನ್ನು ಸುಮ್ನೆ ಅಲೆಸಬೇಡಿ. ಆ ಬೀಗವನ್ನೂ ತೆಗೆಸಿ. ಯಾವುದೂ ಆಗದಿದ್ದರೆ ತಪಾಸಣೆಯ ಸಾಹೇಬರು ಒಂದು ಚೊಂಬು ನೀರು ಕುಡಿದು ಒಮ್ಮೆ ನಮ್ಮ ಮಾರ್ಕೆಟ್‌ಗೆ ಬರಲಿ.

– ನೊಂದ ಗೃಹಿಣಿ, ಶ್ರೀನಗರ, ಬೆಂಗಳೂರು