‘ಅಬೌಟ್ ಫೋನ್’ ನೋಡಿ ನಂಬಬೇಡಿ

ಮಾನ್ಯ ಸಂಪಾದಕರೇ,

ಲಕ್ಷ ರೂಪಾಯಿಯ ಫೋನು ‘ಕಸ್ಟಮ್ಸ್ ಹರಾಜಿನ ಮಾಲು’ ಎಂಬ ಹೆಸರಿನಲ್ಲಿ ಹದಿನೈದು ಸಾವಿರಕ್ಕೆ ಸಿಗುತ್ತದೆ ಎನ್ನುವ ಜಾಹೀರಾತುಗಳಿಗೆ ಬೆಂಗಳೂರಿನಲ್ಲಿ ಕೊನೆಯೇ ಇಲ್ಲ. ಮೋಸಹೋದವರನ್ನು ದುರಾಸೆಯವರು ಎಂದು ಬೈಯುವುದು ಸುಲಭ. ಆದರೆ ಈಗಿನ ‘ಮಾಸ್ಟರ್ ಕಾಪಿ’, ಅಂದರೆ ಅಸಲಿಯನ್ನೇ ಹೋಲುವ ನಕಲಿ ಫೋನು ಬ್ರ್ಯಾಂಡ್ ಹೆಸರಿನ ಸ್ಪೆಲಿಂಗ್ ತಪ್ಪಿ ಸಿಕ್ಕಿಬೀಳುವಂಥದ್ದಲ್ಲ. ಡಬ್ಬಿ, ಸೀಲು, ಲೋಗೊ ಎಲ್ಲ ಸರಿಯಾಗಿಯೇ ಇರುತ್ತವೆ. ಅನುಮಾನ ಬಂದವರು ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆಯುತ್ತಾರೆ. 12 ಜಿಬಿ ರ‍್ಯಾಮ್, 512 ಜಿಬಿ ಸ್ಟೋರೇಜ್ ಎಂದು ಕಂಡು ನೆಮ್ಮದಿಯಾಗುತ್ತಾರೆ. ನಕಲಿ ಮಾಡುವವರು ಮೊದಲು ತಿದ್ದುವುದೇ ಆ ಪುಟವನ್ನು. ಬೇಕಾದ ಅಂಕಿಯನ್ನು ಅಲ್ಲಿ ಬರೆದಿಡುವುದು ಅವರಿಗೆ ಕಷ್ಟದ ಕೆಲಸವೇ ಅಲ್ಲ.

ಮುಂದೆ ಹೇಳುವ ಪರೀಕ್ಷೆಗಳು ಮುಗಿಯುವ ತನಕ ಹೊಸ ಫೋನಿಗೆ ನಿಮ್ಮ ಸಿಮ್ ಹಾಕಬೇಡಿ, ಬ್ಯಾಂಕಿಗೆ ಕೊಟ್ಟ ಜಿಮೇಲ್‌ನಿಂದ ಲಾಗಿನ್ ಆಗಬೇಡಿ. ಮನೆಯ ವೈಫೈ, ಒಂದು ಹೊಸ ಖಾಲಿ ಜಿಮೇಲ್ ಸಾಕು. ‘ಟ್ರಯಾಡಾ’ ಎಂಬ ಕುತಂತ್ರಾಂಶ ನಕಲಿ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಸೇರಿಕೊಂಡು ಬರುತ್ತಿರುವುದನ್ನು ಕ್ಯಾಸ್ಪರ್‌ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ 2025ರಲ್ಲಿ ವರದಿ ಮಾಡಿದೆ. ಅದು ಎಸ್‌ಎಂಎಸ್‌ಗಳನ್ನು ಕದ್ದು ಓದಬಲ್ಲದು. ಓಟಿಪಿ ಬರುವುದೂ ಎಸ್‌ಎಂಎಸ್‌ನಲ್ಲೇ ಎಂಬುದನ್ನು ನೆನಪಿಡಿ. ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದು ಹೋಗುವುದಿಲ್ಲ.

ಮೊದಲು *#06# ಒತ್ತಿ. ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಬರುತ್ತದೆ. ಎರಡು ಸಿಮ್‌ನ ಫೋನಾದರೆ ಎರಡು. ಡಬ್ಬಿಯ ಮೇಲೆ, ಬಿಲ್ಲಿನಲ್ಲಿ ಅದೇ ಸಂಖ್ಯೆ ಇರಬೇಕು. ಆಮೇಲೆ ಹಳೆಯ ಫೋನಿನಿಂದ ಇಂಗ್ಲಿಷಿನ ಕೆ, ವೈ, ಎಂ ಅಕ್ಷರಗಳು, ಒಂದು ಸ್ಪೇಸ್, ನಂತರ ಆ 15 ಅಂಕಿ ಟೈಪ್ ಮಾಡಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದೇ ಸೌಲಭ್ಯವಿದೆ. ಐಎಂಇಐನ ಮೊದಲ 8 ಅಂಕಿಯಲ್ಲಿ ಫೋನಿನ ಮಾಡೆಲ್ ಅಡಗಿರುತ್ತದೆ. ಹಾಗಾಗಿ ಕೈಯಲ್ಲಿರುವುದು ಒಂದು ಮಾಡೆಲ್, ಉತ್ತರದಲ್ಲಿ ಬರುವುದು ಇನ್ನೊಂದು ಎಂದಾದರೆ ಕತೆ ಅಲ್ಲಿಗೇ ಮುಗಿಯಿತು. ‘ಬ್ಲ್ಯಾಕ್‌ಲಿಸ್ಟೆಡ್’, ‘ಡೂಪ್ಲಿಕೇಟ್’, ‘ಆಲ್ರೆಡಿ ಇನ್ ಯೂಸ್’ ಎಂದು ಬಂದರೂ ಇಟ್ಟುಕೊಳ್ಳಬೇಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಐಎಂಇಐ ತಪ್ಪಿದ್ದರೆ ಆ ಫೋನು ಬೇಡ, ಆದರೆ ಸರಿಯಿದ್ದ ಮಾತ್ರಕ್ಕೆ ಅದು ಅಸಲಿ ಎನ್ನುವಂತಿಲ್ಲ. ಅಸಲಿ ಫೋನಿನ ಸಂಖ್ಯೆಯನ್ನೇ ಕದ್ದು ನಕಲಿಗೆ ಹಾಕುತ್ತಾರೆ. 13 ಸಾವಿರಕ್ಕೂ ಹೆಚ್ಚು ಫೋನುಗಳಲ್ಲಿ ಒಂದೇ ಐಎಂಇಐ ಓಡುತ್ತಿದ್ದುದನ್ನು ಮೀರತ್ ಪೊಲೀಸರು 2020ರಲ್ಲಿ ಪತ್ತೆಹಚ್ಚಿದ್ದರು. ಆದ್ದರಿಂದ ಫೋನಿನ ಒಳಗೇ ಕೈಹಾಕಬೇಕು.

ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ‘ಅಬೌಟ್’ನಲ್ಲಿ ಫೋನಿಗೆ ಗೂಗಲ್‌ನ ಮಾನ್ಯತೆ ಇದೆಯೇ ಎಂದು ಹೇಳುವ ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್ ಎಂಬ ಸಾಲಿದೆ. ‘ಸರ್ಟಿಫೈಡ್’ ಎಂದಿಲ್ಲದಿದ್ದರೆ ಆ ಫೋನನ್ನು ಪಕ್ಕಕ್ಕಿಡಿ. ಸಿಪಿಯು-ಝಡ್ ಆ್ಯಪ್ ಹಾಕಿಕೊಂಡರೆ ಒಳಗಿನ ಚಿಪ್ ಯಾವುದೆಂದು ಹೇಳುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇದೆ ಎಂದು ಮಾರಿದ ಫೋನಿನಲ್ಲಿ 4ಜಿ ಕೂಡ ಇಲ್ಲದ ಎಂಟಿ6580ಯಂಥ ಹಳೆಯ ಮೀಡಿಯಾಟೆಕ್ ಚಿಪ್ ಕಾಣಿಸಬಹುದು. ಆದರೆ ಇಂಥ ಆ್ಯಪ್‌ಗಳನ್ನೂ ಏಮಾರಿಸುವ ನಕಲಿಗಳಿವೆ.

ಏಮಾರಿಸಲಾಗದ್ದು ಸ್ಟೋರೇಜ್. ಕಂಪ್ಯೂಟರಿನಿಂದ 40 ಜಿಬಿಯಷ್ಟು ವಿಡಿಯೊ ತುಂಬಿಸಿ, ಕೇಬಲ್ ತೆಗೆದು, ಫೋನ್ ರೀಸ್ಟಾರ್ಟ್ ಮಾಡಿ, ಮೊದಲನೆಯದನ್ನೂ ನಡುವಿನ ನಾಲ್ಕಾರನ್ನೂ ಕೊನೆಯದನ್ನೂ ಓಡಿಸಿ ನೋಡಿ. ಒಳಗಿರುವ ಚಿಪ್ 16 ಜಿಬಿಯದ್ದೇ ಆದರೆ ಫೈಲಿನ ಹೆಸರು, ಗಾತ್ರ ಎಲ್ಲ ಕಾಣುತ್ತದೆ, ತೆರೆದರೆ ವಿಡಿಯೊ ಓಡುವುದಿಲ್ಲ. ಜಾಗ ಮುಗಿದ ಮೇಲೆ ಬಂದದ್ದು ಎಲ್ಲೂ ಉಳಿದಿರುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಕೂತಿರುತ್ತದೆ. ಮಕ್ಕಳ ಫೋಟೊ ತುಂಬಿಸಿ ಆರು ತಿಂಗಳ ಮೇಲೆ ಇದನ್ನು ಕಂಡುಕೊಳ್ಳುವುದಕ್ಕಿಂತ ಮೊದಲ ದಿನವೇ ಕಾಣುವುದು ಒಳ್ಳೆಯದು.

ಕ್ಯಾಮೆರಾವನ್ನು ಹಗಲು ಬೆಳಕಿನಲ್ಲಿ ನೋಡಿ. 0.5, 1, 3 ಎಂದು ಜೂಮ್ ಬದಲಿಸುತ್ತ ಹಿಂದಿನ ಒಂದೊಂದೇ ಲೆನ್ಸ್‌ಗೆ ಬೆರಳು ಮುಚ್ಚಿ. ಎರಡು ಲೆನ್ಸ್ ಮುಚ್ಚಿದರೂ ಯಾವ ಜೂಮ್‌ನಲ್ಲೂ ಚಿತ್ರ ಕದಲದಿದ್ದರೆ ಅವು ಬರೀ ಗಾಜು. ಮಬ್ಬು ಬೆಳಕಿನಲ್ಲಿ ಅಸಲಿ ಫೋನೂ ಜೂಮ್‌ಗೆ ಮುಖ್ಯ ಲೆನ್ಸನ್ನೇ ಬಳಸುವುದುಂಟು, ಅದಕ್ಕೇ ಹಗಲು ಎಂದದ್ದು. ಐಫೋನ್ ಆದರೆ ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ ಆ್ಯಪಲ್‌ನ ಐಟ್ಯೂನ್ಸ್ ತಂತ್ರಾಂಶ ತೆರೆಯಿರಿ. ಆಂಡ್ರಾಯ್ಡ್‌ಗೆ ಐಫೋನ್ ವೇಷ ಹಾಕಿದ್ದರೆ ಅದು ಗುರುತೇ ಹಿಡಿಯುವುದಿಲ್ಲ.

ಚಾರ್ಜರನ್ನು ಜನ ನೋಡುವುದೇ ಇಲ್ಲ. ಅದರ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು, ಆರ್ ಅಕ್ಷರ, ಮುಂದೆ 8 ಅಂಕಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಫೋನು ತಲೆದಿಂಬಿನ ಪಕ್ಕ ಚಾರ್ಜ್ ಆಗುವ ಮನೆಗಳಲ್ಲಿ ಇದು ಜೀವದ ಪ್ರಶ್ನೆ.

ಹಣ ವಾಪಸ್ ಪಡೆಯುವ ಹೊತ್ತಿಗೆ ಬಹಳ ಜನ ಸೋಲುವುದು ಸಾಕ್ಷಿಯಿಲ್ಲದೆ. ‘ನಾವು ಕಳಿಸಿದ್ದು ಈ ಫೋನಲ್ಲ’ ಎಂದು ಮಾರಿದವರು ಹೇಳಿದರೆ ಉತ್ತರ ಬೇಕಲ್ಲವೇ? ಪಾರ್ಸೆಲ್ಲಿನ ಲೇಬಲ್‌ನಿಂದ ಶುರುಮಾಡಿ, ಟೇಪ್ ಕತ್ತರಿಸಿ, ಫೋನ್ ಆನ್ ಮಾಡಿ, *#06# ಒತ್ತುವವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಕ್ಯಾಶ್ ಆನ್ ಡೆಲಿವರಿ ರಕ್ಷಣೆಯಲ್ಲ. ಡಬ್ಬಿ ತೆರೆಯುವ ಮೊದಲೇ ಹಣ ಕೊಟ್ಟಿರುತ್ತೀರಿ. ತಂದವರ ಎದುರೇ ಡಬ್ಬಿ ತೆರೆದು ನೋಡುವ ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಅದನ್ನೇ ಆರಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಯಲ್ಲಿ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಹಣ ಪಡೆದವರ ಸುಳಿವೇ ಇಲ್ಲದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930, ಜೊತೆಗೆ ನಿಮ್ಮ ವಲಯದ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇಷ್ಟೆಲ್ಲ ಪರೀಕ್ಷೆಯನ್ನು ಪ್ರತಿಯೊಬ್ಬ ಗ್ರಾಹಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ತಿಂಗಳ ಸಂಬಳ ಕೂಡಿಟ್ಟು ಮೊದಲ ಸ್ಮಾರ್ಟ್‌ಫೋನ್ ತರಿಸುವ ಮನೆಗೆಲಸದವರಿಗೆ, ಸೆಕ್ಯೂರಿಟಿ ಗಾರ್ಡ್‌ಗಳಿಗೆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಆನ್‌ಲೈನ್‌ನಲ್ಲಿ ಮಾರುವ ಪ್ರತಿ ಫೋನಿನ ಐಎಂಇಐ ಬಿಲ್ಲಿನಲ್ಲಿ ಮಾತ್ರವಲ್ಲ, ಫೋನು ರವಾನೆಯಾದ ಕೂಡಲೇ ಗ್ರಾಹಕರಿಗೆ ಬರುವ ಸಂದೇಶದಲ್ಲೂ ಇರಬೇಕೆಂದು ಸರ್ಕಾರ ಆದೇಶಿಸಲಿ. ಆಗ ಪಾರ್ಸೆಲ್ ಬಾಗಿಲಿಗೆ ಬರುವ ಮೊದಲೇ 14422ಕ್ಕೆ ಎಸ್‌ಎಂಎಸ್ ಹೋಗಿರುತ್ತದೆ.

– ಮೊಬೈಲ್ ದುರಸ್ತಿ ತಂತ್ರಜ್ಞರು, ಬೆಂಗಳೂರು